ಚಂದ್ರವಳ್ಳಿಯ ಮಂಜು, ಚಳ್ಳಕೆರೆ ಕಂಬಳಿ, ಒಂದು ಫೋಟೋ

ಮುಖ ಬೆಳ್ಳಗೆ ಬರಬೇಕು, ಸೀರೆ ಅಂಚು ಕಾಣಬೇಕು ಅನ್ನುವವರು ಇವರ ಹತ್ತಿರ ಹೋಗಬೇಡಿ. ದುಡ್ಡು ದಂಡ. ನಮ್ಮ ಚಿತ್ರದುರ್ಗದ ಈ ಫೋಟೋ ಸ್ಟುಡಿಯೋದವರು ಧನುರ್ಮಾಸದಲ್ಲಿ ತೆಗೆಯುವ ಚಳಿಗಾಲದ ಫೋಟೋಗಳಲ್ಲಿ ಬಂಡೆ ದೊಡ್ಡದು, ಮನುಷ್ಯ ಚಿಕ್ಕವನು. ನನಗೆ ಬೇಕಾಗಿದ್ದೂ ಅದೇ.

ಫಿನ್ಲೆಂಡಿನಲ್ಲಿ ಹುಟ್ಟಿದ ಆರ್ನೊ ರಾಫೆಲ್ ಮಿಂಕಿನೆನ್ ಅಂತ ಒಬ್ಬರಿದ್ದಾರೆ. 1970ರ ದಶಕದಿಂದ ತಮ್ಮ ಬರಿಮೈಯನ್ನೇ ಕೆರೆ, ಹಿಮ, ಕಲ್ಲುಗಳ ನಡುವೆ ಇಟ್ಟು ಕಪ್ಪು-ಬಿಳುಪಿನಲ್ಲಿ ಫೋಟೋ ತೆಗೆಯುತ್ತಾ ಬಂದವರು. ಅವರ ಫೋಟೋಗಳನ್ನು ಸ್ಟುಡಿಯೋದವರಿಗೆ ಮೊಬೈಲಲ್ಲಿ ತೋರಿಸಿದೆ. ಫೋಟೋಗ್ರಾಫರ್ ನಕ್ಕರು. "ಹಿಮ ಎಲ್ಲಿಂದ ತರಲಿ ಮೇಡಂ? ಮಂಜು, ಒಣಹುಲ್ಲು, ಕಲ್ಲು, ಇಷ್ಟೇ ನಮ್ಮ ಚಳಿಗಾಲ." ಬರಿಮೈ ನನ್ನಿಂದಾಗದ ಮಾತು. ಚಳ್ಳಕೆರೆಯ ಕರಿ ಕಂಬಳಿ ಹೊದ್ದೆ.

ಚಂದ್ರವಳ್ಳಿ ಕೆರೆ ಹತ್ತಿರ, ಬಿಸಿಲು ಬರುವ ಮುಂಚೆ. ನನ್ನನ್ನು ಬಂಡೆ ಮುಂದೆ ನಿಲ್ಲಿಸಿ ಅವರು ಉದ್ದ ಲೆನ್ಸ್ ಹಿಡಿದು ಎಲ್ಲೋ ದೂರ ಹೋದರು. ಹತ್ತಿರದಿಂದ ತೆಗೆದರೆ ನಾನು ದೊಡ್ಡದಾಗಿ, ಹಿಂದಿನ ಬಂಡೆ ಪುಟ್ಟದಾಗಿ ಬರುತ್ತದಂತೆ. ನಗಿ, ಕತ್ತು ತಿರುಗಿಸಿ, ಏನೂ ಇಲ್ಲ. "ಸುಮ್ನೆ ನಿಂತಿರಿ" ಅಷ್ಟೇ. ಮೊದಲು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೆ. ಕಾಲು ಮರಗಟ್ಟಿದ ಮೇಲೆ ಅದೂ ಮರೆತುಹೋಯಿತು. ಒಳ್ಳೆಯ ಫೋಟೋಗಳೆಲ್ಲ ಆಮೇಲಿನವೇ.

ಶುರುವಿನವು ಬೂದಿ ಬಣ್ಣಕ್ಕೆ ಬಂದಿದ್ದವು. ಎಲ್ಲ ಬೆಳ್ಳಗಿದ್ದರೆ ಕ್ಯಾಮೆರಾ ತಾನಾಗಿಯೇ ಅದನ್ನು ಬೂದು ಮಾಡುತ್ತದೆ, ಒಂದು ಸ್ಟಾಪ್, ಅಂದರೆ ಬೆಳಕನ್ನು ಎರಡರಷ್ಟು, ಏರಿಸಬೇಕು ಅಂತ ಹೇಳಿ ಸರಿ ಮಾಡಿದರು. ಮಂಜು ಮಂಜಾಯಿತು.

ಪ್ರಿಂಟ್ ನಿಜಕ್ಕೂ ಚೆನ್ನಾಗಿದೆ. ಹತ್ತಿಯ ಮ್ಯಾಟ್ ಪೇಪರ್, ಹೊಳಪಿಲ್ಲದ್ದು. ಭುಜದ ಹತ್ತಿರ ಕಂಬಳಿಯ ಉಣ್ಣೆ ಎಳೆಗಳು ಮಂಜಿನೊಳಗೆ ಎದ್ದು ನಿಂತಿರುವುದು ಒಂದೊಂದೂ ಕಾಣುತ್ತದೆ. ಗ್ಲಾಸಿ ಪೇಪರಾಗಿದ್ದರೆ ಕಪ್ಪು ಇನ್ನೂ ಗಾಢ ಇರುತ್ತಿತ್ತು, ಒಪ್ಪುತ್ತೇನೆ. ಆದರೆ ನಮ್ಮ ಹಾಲ್‌ನಲ್ಲಿ ಟ್ಯೂಬ್‌ಲೈಟೇ ಜಾಸ್ತಿ ಕಾಣುತ್ತಿತ್ತು, ಅಲ್ವಾ?

ಸಂಕ್ರಾಂತಿಗೆ ಕೊಡ್ತೀವಿ ಅಂದವರು ಶಿವರಾತ್ರಿ ದಾಟಿಸಿದರು. ಫೋನ್ ಮಾಡಿದರೆ "ನಾಳೆ". ಜೊತೆಗೆ ನಾನು ಕೇಳದ ಒಂದು ಬೋನಸ್ ಫೋಟೋ. ಅದರಲ್ಲಿ ಕಂಪ್ಯೂಟರ್ ಹಿಮ ಸುರಿಯುತ್ತಿದೆ! ಚಂದ್ರವಳ್ಳಿಯಲ್ಲಿ ಕಾಶ್ಮೀರ. ನಾದಿನಿಗೆ ಅದೇ ಇಷ್ಟವಾಗಿ ಫ್ಯಾಮಿಲಿ ಗ್ರೂಪಿಗೆಲ್ಲ ಹಾಕಿದ್ದಾಳೆ.

ಹೋಗುವವರು ಹಿಮ ಬೇಡ ಅಂತ ಮೊದಲೇ ಹೇಳಿಬಿಡಿ. ಇಬ್ಬನಿಗೆ ಕಲ್ಲು ಜಾರುತ್ತದೆ, ಶೂ ಹಾಕಿಕೊಳ್ಳಿ. ಅಡ್ವಾನ್ಸ್ ಅರ್ಧ ಮಾತ್ರ. ಉಳಿದದ್ದು ಪ್ರಿಂಟ್ ಕೈಗೆ ಬಂದ ಮೇಲೆ.