ಮೂರು ಕಾಮಗಾರಿಗಳಿಗೆ ಒಂದೇ ರೋಲರ್: ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ರಿಸೋರ್ಸ್ ಪೂಲ್

ಬಾಗಲಕೋಟೆಯ ನವನಗರದಲ್ಲಿರುವ ಗುತ್ತಿಗೆದಾರರ ಕಚೇರಿಯೊಂದರಲ್ಲಿ ಕಾಮಗಾರಿಗಳ ವೇಳಾಪಟ್ಟಿ ಹಾಕುವುದು ನನ್ನ ಕೆಲಸ. ನವನಗರದಲ್ಲಿ ಒಳರಸ್ತೆ, ಇಳಕಲ್ಲಿನಲ್ಲಿ ಶಾಲಾ ಕಟ್ಟಡ, ಮುಧೋಳದ ಬಳಿ ಗೋದಾಮು ಹೀಗೆ ಮೂರು ಕೆಲಸಗಳು ಒಟ್ಟಿಗೆ ನಡೆಯುವಾಗ ಎಲ್ಲಕ್ಕೂ ಸೇರಿ ನಮ್ಮಲ್ಲಿರುವುದು ಒಂದು ರೋಲರ್, ಎರಡು ಜೆಸಿಬಿ, ಒಬ್ಬ ಸರ್ವೇಯರ್ ಮತ್ತು ಮೂರು ಸೆಂಟ್ರಿಂಗ್ ತಂಡಗಳು ಮಾತ್ರ. ಮೊದಲು ಮೂರಕ್ಕೂ ಬೇರೆ ಬೇರೆ ಎಕ್ಸೆಲ್ ಹಾಳೆಗಳಿದ್ದವು. ಒಂದೊಂದೂ ತನ್ನಷ್ಟಕ್ಕೆ ಸರಿಯಾಗಿಯೇ ಇದ್ದರೂ, ಕಳೆದ ವರ್ಷ ಒಂದೇ ಸೋಮವಾರಕ್ಕೆ ರೋಲರನ್ನು ಇಳಕಲ್ಲಿಗೂ ಮುಧೋಳಕ್ಕೂ ನಾನೇ ಬರೆದಿದ್ದೆ. ಇಳಕಲ್ಲಿನಲ್ಲಿ ಗರಸು ಹರಡಿ, ನೀರು ಹೊಡೆದು ಆಳುಗಳು ಮಧ್ಯಾಹ್ನದವರೆಗೆ ಕಾದರು. ಸಂಜೆಯ ಹೊತ್ತಿಗೆ ಆ ಪದರವೆಲ್ಲ ಒಣಗಿ, ಮರುದಿನ ಮತ್ತೆ ನೀರಿನ ಟ್ಯಾಂಕರ್ ತರಿಸಬೇಕಾಯಿತು.

ಆ ಬಳಿಕ ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿರುವ ರಿಸೋರ್ಸ್ ಪೂಲ್ ಸೌಲಭ್ಯಕ್ಕೆ ಬದಲಾದೆವು. ಪೂಲ್ ಎಂದರೆ ಯಾವ ಕೆಲಸವನ್ನೂ ಬರೆಯದೆ, ಆಳು ಮತ್ತು ಯಂತ್ರಗಳ ಪಟ್ಟಿಯನ್ನಷ್ಟೇ ಇಟ್ಟುಕೊಂಡ ಒಂದು ಪ್ರತ್ಯೇಕ ಫೈಲು. ಪ್ರತಿ ಕಾಮಗಾರಿಯ ಫೈಲಿನಲ್ಲಿ ‘ಶೇರ್ ರಿಸೋರ್ಸಸ್’ ಆಯ್ದು ಇದನ್ನು ತೋರಿಸಿದರೆ, ಮೂರೂ ಫೈಲುಗಳು ಒಂದೇ ಪಟ್ಟಿಯಿಂದ ಆಳು-ಯಂತ್ರ ಪಡೆಯುತ್ತವೆ. ಒಂದೇ ಇರುವ ರೋಲರಿನ ಗರಿಷ್ಠ ಪ್ರಮಾಣ ಶೇ. 100, ಮೂರು ಸೆಂಟ್ರಿಂಗ್ ತಂಡಗಳದ್ದು ಒಟ್ಟು ಶೇ. 300 ಎಂದು ಬರೆದಿದ್ದೇನೆ. ಇದನ್ನು ಮೀರಿ ಕೆಲಸ ಹಚ್ಚಿದ ಕಡೆ ಕೆಂಪು ಮನುಷ್ಯನ ಗುರುತು ಮೂಡುತ್ತದೆ. ‘ರಿಸೋರ್ಸ್ ಯೂಸೇಜ್’ ನೋಟದಲ್ಲಿ ‘ಪ್ರಾಜೆಕ್ಟ್’ ಎಂಬ ಕಾಲಮ್ಮನ್ನು ಸೇರಿಸಿಕೊಂಡರೆ, ರೋಲರಿನ ಯಾವ ದಿನ ಯಾವ ಕಾಮಗಾರಿಗೆ ಹೋಗಿದೆಯೆಂಬುದು ಸಾಲು ಸಾಲಾಗಿ ಕಾಣುತ್ತದೆ. ಆ ಸೋಮವಾರದ ಘರ್ಷಣೆ ಹದಿನೈದು ದಿನ ಮೊದಲೇ ನನಗೆ ಹೀಗೆ ಕಂಡಿದ್ದರೆ ಇಳಕಲ್ಲಿನ ಆಳುಗಳ ಒಂದು ದಿನ ಹಾಳಾಗುತ್ತಿರಲಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪೂಲಿನ ಕ್ಯಾಲೆಂಡರ್. ನಮ್ಮ ಕಡೆ ಗೌಂಡಿಗಳು ಅಮಾವಾಸ್ಯೆಯಂದು ಕೆಲಸಕ್ಕೆ ಬರುವುದಿಲ್ಲ. ನಾಗರ ಪಂಚಮಿಗೆ ಊರಿಗೆ ಹೋದವರು ಮೂರು-ನಾಲ್ಕು ದಿನ ತಿರುಗಿ ಬರುವುದಿಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ಕಡೆ ಟ್ರ್ಯಾಕ್ಟರೂ ಸಿಗದು, ಆಳೂ ಸಿಗದು. ಈ ರಜೆಗಳನ್ನು ಪೂಲಿನಲ್ಲಿ ಒಮ್ಮೆ ಆಯಾ ತಂಡದ ಹೆಸರಿಗೆ ಬರೆದರೆ ಮೂರೂ ಕಾಮಗಾರಿಗಳ ದಿನಾಂಕಗಳು ಅದಕ್ಕೆ ತಕ್ಕಂತೆ ಸರಿಯುತ್ತವೆ. ಆದರೆ ಅಮಾವಾಸ್ಯೆ ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದದ್ದಲ್ಲವಾದ್ದರಿಂದ ‘ಪ್ರತಿ ತಿಂಗಳೂ’ ಎಂದು ಬರೆದು ಮುಗಿಸಲಾಗದು. ಯುಗಾದಿಯ ಹೊತ್ತಿಗೆ ಪಂಚಾಂಗ ಮುಂದಿಟ್ಟುಕೊಂಡು ಒಂದೊಂದನ್ನೂ ಕೈಯಾರೆ ಬರೆಯಬೇಕು.

ಘರ್ಷಣೆಯನ್ನು ತಾನಾಗಿ ಬಿಡಿಸುವ ‘ಲೆವೆಲಿಂಗ್’ ಬಗ್ಗೆ ಎಚ್ಚರವಿರಲಿ. ಒಂದೇ ಕಾಮಗಾರಿಯ ಫೈಲನ್ನು ತೆರೆದು ಲೆವೆಲ್ ಮಾಡಿದರೆ ಅದು ಆ ಫೈಲಿನ ಕೆಲಸಗಳನ್ನಷ್ಟೇ ಮುಂದೂಡುತ್ತದೆ. ಅಂದರೆ ಯಾರು ಮೊದಲು ಗುಂಡಿ ಒತ್ತಿದರೋ ಅವರ ಕೆಲಸವೇ ಹಿಂದೆ ಬೀಳುತ್ತದೆ. ಮೂರನ್ನೂ ಒಂದು ಮಾಸ್ಟರ್ ಫೈಲಿಗೆ ಸೇರಿಸಿ, 0ರಿಂದ 1000ದವರೆಗಿನ ಆದ್ಯತೆಯ ಅಂಕವನ್ನು ಪ್ರತಿ ಕಾಮಗಾರಿಗೆ ಕೊಟ್ಟು ಲೆವೆಲ್ ಮಾಡುವುದೇ ಸರಿಯಾದ ಕ್ರಮ. ನಾವು ಬದಲಿಸದಿದ್ದರೆ ಪ್ರತಿ ಕಾಮಗಾರಿಗೂ ಇರುವ ಅಂಕ 500. ಶಾಲೆ ತೆರೆಯುವ ದಿನ ನಿಗದಿಯಾಗಿದ್ದರಿಂದ ಇಳಕಲ್ಲಿಗೆ ನಾವು 800 ಕೊಟ್ಟೆವು. ಇಷ್ಟಾದರೂ ಇಳಕಲ್ಲಿನಿಂದ ಮುಧೋಳಕ್ಕೆ ರೋಲರನ್ನು ಟ್ರೇಲರ್ ಮೇಲೆ ಸಾಗಿಸಲು ಬೇಕಾದ ಹೊತ್ತು ತಂತ್ರಾಂಶಕ್ಕೆ ತಿಳಿಯದು. ಸಾಗಣೆಯನ್ನೇ ಅರ್ಧ ದಿನದ ಕೆಲಸವೆಂದು ರೋಲರಿನ ಹೆಸರಿಗೆ ಬರೆಯಬೇಕು. ಸಿಮೆಂಟು, ಕಬ್ಬಿಣದಂಥ ಸಾಮಗ್ರಿಗಳು ಲೆವೆಲಿಂಗ್‌ಗೆ ಒಳಪಡುವುದಿಲ್ಲ.

ಪೂಲ್ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಕೊಂಡಿ ತಪ್ಪುತ್ತದೆ. ಹಾಗಾಗಿ ಎಲ್ಲ ಫೈಲುಗಳನ್ನೂ ಕಚೇರಿಯ ಒಂದೇ ಗಣಕದಲ್ಲಿ ಇಟ್ಟಿದ್ದೇವೆ. ಸೈಟ್ ಎಂಜಿನಿಯರುಗಳು ಪೂಲನ್ನು ಓದಲು ಮಾತ್ರ ತೆರೆಯುತ್ತಾರೆ. ತಿದ್ದುವುದು ಒಬ್ಬರೇ, ಅದೂ ಶನಿವಾರ ಸಂಜೆ, ಮೂವರೂ ಫೋನಿನಲ್ಲಿ ಮುಂದಿನ ವಾರದ ಅಗತ್ಯ ತಿಳಿಸಿದ ಮೇಲೆ.