ರಷ್ಯನ್, ಬೆಲರೂಸಿಯನ್: ಎರಡನ್ನೂ ಕಲಿತ ಮೇಲೆ ನನ್ನ ಒಲವು

ವೈದ್ಯಕೀಯ ಓದಲು ಬೆಲಾರೂಸ್‌ಗೆ ಬರುವ ಭಾರತೀಯ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಕಲಿಸುವುದು ರಷ್ಯನ್ ಭಾಷೆಯನ್ನು. ಈ ದೇಶಕ್ಕೆ ತನ್ನದೇ ಆದ ಇನ್ನೊಂದು ಭಾಷೆಯಿದೆ ಎಂಬುದು ಹಲವರಿಗೆ ಮಿನ್ಸ್ಕ್ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಕೂಗುವುದನ್ನು ಕೇಳಿದಾಗಲೇ ತಿಳಿಯುತ್ತದೆ. ನಾನೂ ಇಲ್ಲಿ ಓದುತ್ತ ರಷ್ಯನ್ನಿನಿಂದಲೇ ಆರಂಭಿಸಿದೆ. ಆಮೇಲೆ ಸ್ವಂತ ಖರ್ಚಿನಲ್ಲಿ, ಯಾವ ಪರೀಕ್ಷೆಯ ಒತ್ತಾಯವೂ ಇಲ್ಲದೆ ಬೆಲರೂಸಿಯನ್ ಕಲಿತೆ. ನನಗೆ ಹೆಚ್ಚು ಪ್ರಿಯವಾದದ್ದು ಈ ಎರಡನೆಯದೇ, ಮತ್ತು ಮುಂದಿನ ಮಾತುಗಳನ್ನು ಆ ಒಲವನ್ನು ಮರೆಮಾಚದೆಯೇ ಬರೆಯುತ್ತಿದ್ದೇನೆ.

ವ್ಯಾಕರಣದ ಶ್ರಮ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ಆರು ವಿಭಕ್ತಿಗಳು, ಮೂರು ಲಿಂಗಗಳು, ಕ್ರಿಯೆ ಮುಗಿಯಿತೋ ಇಲ್ಲವೋ ಎಂಬುದನ್ನು ಕ್ರಿಯಾಪದದಲ್ಲೇ ಸೂಚಿಸುವ ಜೋಡಿ ರೂಪಗಳು. 'ನನಗೆ ಚಳಿ', 'ಅವನು ವೈದ್ಯ' ಎಂಬಂಥ ವಾಕ್ಯಗಳನ್ನು ಎರಡೂ ಭಾಷೆಗಳು ಕನ್ನಡದ ರೀತಿಯಲ್ಲೇ ಕ್ರಿಯಾಪದವಿಲ್ಲದೆ ಹೇಳುವುದರಿಂದ ನಮ್ಮವರಿಗೆ ಅಲ್ಲಿ ಕಷ್ಟವೇ ಆಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ರಷ್ಯನ್ ನಮಗೆ ಇನ್ನೂ ಹತ್ತಿರ. 'ಓದುವ ಹುಡುಗ' ಎಂಬುದನ್ನು ಅದು ಕೃದಂತ ವಿಶೇಷಣದಿಂದ 'ಚಿತಾಯುಶ್ಶಿ ಮಾಲ್ಚಿಕ್' ಎಂದು ಹೇಳಬಲ್ಲದು. ಬೆಲರೂಸಿಯನ್ ಇಂಥ ರೂಪಗಳನ್ನು ಬದಿಗಿರಿಸಿ, 'ಯಾವ ಹುಡುಗ ಓದುತ್ತಾನೋ ಅವನು' ಎಂಬ ಬಗೆಯ ಉಪವಾಕ್ಯವನ್ನೇ ಬಯಸುತ್ತದೆ.

ನನ್ನ ಮನಸ್ಸು ಬೆಲರೂಸಿಯನ್ ಕಡೆಗೆ ವಾಲಿದ್ದು ಅದರ ಕಾಗುಣಿತದಿಂದ. ರಷ್ಯನ್ನಿನಲ್ಲಿ ಒತ್ತು (ಪದದ ಒಂದು ಸ್ವರವನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವುದು) ಬೀಳದ 'ಒ' ಸ್ವರವು ಉಚ್ಚಾರಣೆಯಲ್ಲಿ 'ಅ' ಆಗುತ್ತದೆ, ಆದರೆ ಬರವಣಿಗೆ ಅದನ್ನು ತೋರಿಸುವುದಿಲ್ಲ. ಹಾಲಿಗೆ ಅವರು 'ಮೊಲೊಕೊ' ಎಂದು ಬರೆದು 'ಮಲಕೋ' ಎಂದು ಓದುತ್ತಾರೆ. ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದಕ್ಕೆ ಸಾಮಾನ್ಯ ಮುದ್ರಣದಲ್ಲಿ ಗುರುತೂ ಇರುವುದಿಲ್ಲ. ಕೋಟೆ ಮತ್ತು ಬೀಗ ಎಂಬ ಎರಡು ಅರ್ಥಗಳಿಗೂ ರಷ್ಯನ್ನಿನಲ್ಲಿ 'ಜಮೊಕ್' ಎಂಬ ಒಂದೇ ಬರಹ; ಒತ್ತು ಮೊದಲನೆಯ ಸ್ವರದ ಮೇಲಿದ್ದರೆ ಕೋಟೆ, ಎರಡನೆಯದರ ಮೇಲಿದ್ದರೆ ಬೀಗ. ಬೆಲರೂಸಿಯನ್ನಿನಲ್ಲಾದರೋ ಕೋಟೆಗೆ 'ಜಾಮಕ್', ಬೀಗಕ್ಕೆ 'ಜಮೋಕ್' ಎಂದು ಬೇರೆ ಬೇರೆಯಾಗಿಯೇ ಬರೆಯುತ್ತಾರೆ. ಅಲ್ಲಿನ ದೇಶಿ ಪದಗಳಲ್ಲಿ 'ಒ' ಕಂಡಿತೆಂದರೆ ಒತ್ತು ಅದರ ಮೇಲೆಯೇ ಎಂದು ಧೈರ್ಯವಾಗಿ ಓದಬಹುದು. 'ಯೊ' ಅಕ್ಷರದ ಮೇಲಿನ ಎರಡು ಚುಕ್ಕೆಗಳನ್ನು ರಷ್ಯನ್ ಮುದ್ರಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಬೆಲರೂಸಿಯನ್ ಅವನ್ನು ಎಂದೂ ಬಿಡುವುದಿಲ್ಲ. ನುಡಿದಂತೆ ಬರೆಯುವ ಕನ್ನಡದ ರೂಢಿಯಲ್ಲಿ ಬೆಳೆದ ನನಗೆ, ಅಪರಿಚಿತ ಪುಟವೊಂದನ್ನು ಗಟ್ಟಿಯಾಗಿ ಓದಲು ಸಿಕ್ಕ ಈ ಸ್ವಾತಂತ್ರ್ಯ ಬಹಳ ದೊಡ್ಡದು.

ಎರಡರ ಧ್ವನಿಭೇದವನ್ನು ಊರುಗಳ ಹೆಸರುಗಳೇ ತೋರಿಸುತ್ತವೆ. ರಷ್ಯನ್ನರ ಗ್ರೋದ್ನೊ ಇಲ್ಲಿ ಹ್ರೋದ್ನ, ವಿತೆಬ್ಸ್ಕ್ ಇಲ್ಲಿ ವಿತ್ಸ್ಯೆಬ್ಸ್ಕ್.

ಪದಗಳ ಸಾಮ್ಯವನ್ನು ನಂಬಿ ಯಾರೊಡನೆಯೂ ಭೇಟಿಯ ದಿನ ಗೊತ್ತುಪಡಿಸಬಾರದು: ರಷ್ಯನ್ನಿನ 'ನೆದೆಲ್ಯಾ' ಎಂದರೆ ವಾರ, ಬೆಲರೂಸಿಯನ್ನಿನ 'ನ್ಯದ್ಜೆಲ್ಯಾ' ಎಂದರೆ ಭಾನುವಾರ.

ಇನ್ನು ನನ್ನ ಮೆಚ್ಚಿನ ಭಾಷೆಯಲ್ಲಿ ನನ್ನನ್ನು ಅತಿಯಾಗಿ ಕಾಡಿದ ತೊಡಕನ್ನು ವಿವರವಾಗಿಯೇ ಹೇಳಬೇಕು. ಬೆಲರೂಸಿಯನ್ನಿಗೆ ಎರಡು ಕಾಗುಣಿತ ಪದ್ಧತಿಗಳಿವೆ. ಬ್ರಾನಿಸ್ಲಾವ್ ತರಶ್ಕೇವಿಚ್ 1918ರಲ್ಲಿ ವಿಲ್ನಿಯಸ್‌ನಲ್ಲಿ ಪ್ರಕಟಿಸಿದ ವ್ಯಾಕರಣದಿಂದ ಬಂದದ್ದು ಒಂದು. ಅದನ್ನು ಇಂದಿಗೂ ತರಶ್ಕೇವಿತ್ಸ ಎಂದೇ ಕರೆಯುತ್ತಾರೆ. 1933ರಲ್ಲಿ ಸೋವಿಯತ್ ಸರ್ಕಾರವು ಸುಧಾರಣೆಯ ಹೆಸರಿನಲ್ಲಿ ಬರವಣಿಗೆಯನ್ನು ರಷ್ಯನ್ನಿಗೆ ಹತ್ತಿರ ತಂದಿತು. ಶಾಲೆ, ಕಚೇರಿ, ನಿಘಂಟುಗಳಲ್ಲಿ ಇಂದು ನಡೆಯುವುದು ಆ ಸುಧಾರಿತ ಪದ್ಧತಿ. ಅದರ ಈಗಿನ ನಿಯಮಗಳು 2010ರಿಂದ ಜಾರಿಯಲ್ಲಿವೆ. ಹಳೆಯ ಪದ್ಧತಿಯೂ ಅಳಿದಿಲ್ಲ. ದೇಶ ಬಿಟ್ಟು ಹೋದವರೂ ಭಾಷಾಭಿಮಾನಿಗಳಾದ ಹಲವು ಲೇಖಕರೂ ಅದನ್ನು ಉಳಿಸಿಕೊಂಡು ಬಂದಿದ್ದಾರೆ, ವಿಕಿಪೀಡಿಯ ಕೂಡ ಎರಡು ಪದ್ಧತಿಗಳಲ್ಲಿ ಎರಡು ಪ್ರತ್ಯೇಕ ಆವೃತ್ತಿಗಳಾಗಿ ನಡೆಯುತ್ತಿದೆ.

ನಾನು ಕೊಂಡ ಕಥಾಸಂಕಲನ ಹಳೆಯ ಪದ್ಧತಿಯಲ್ಲಿತ್ತು, ನಿಘಂಟು ಹೊಸದರಲ್ಲಿತ್ತು. ಹಿಮ ಎಂಬ ಅರ್ಥದ ಪದದಲ್ಲಿ ಹಳೆಯ ಪದ್ಧತಿಯು ಮೊದಲ ವ್ಯಂಜನದ ನಂತರ ಮೃದುಚಿಹ್ನೆಯೊಂದನ್ನು, ಅಂದರೆ ಹಿಂದಿನ ವ್ಯಂಜನವನ್ನು ಮೃದುವಾಗಿ ನುಡಿಯಬೇಕೆಂದು ಸೂಚಿಸುವ, ತನ್ನದೇ ಧ್ವನಿಯಿಲ್ಲದ ಅಕ್ಷರವನ್ನು, ಸೇರಿಸುತ್ತದೆ. ಆ ಚಿಹ್ನೆಯ ಸ್ಥಾನ ವರ್ಣಮಾಲೆಯ ಕೊನೆಯ ಭಾಗದಲ್ಲಿರುವುದರಿಂದ, ಕಂಡ ರೂಪದಲ್ಲೇ ಹುಡುಕಿದರೆ ಪದವು ನಿಘಂಟಿನಲ್ಲಿ ಸಿಗುವುದೇ ಇಲ್ಲ. ಯುರೋಪ್ ಎಂಬ ಹೆಸರು ಒಂದರಲ್ಲಿ ವರ್ಣಮಾಲೆಯ ಮೊದಲ ಭಾಗದ ಅಕ್ಷರದಿಂದ, ಇನ್ನೊಂದರಲ್ಲಿ ಕೊನೆಯ ಭಾಗದ ಅಕ್ಷರದಿಂದ ಆರಂಭವಾಗುತ್ತದೆ. ಮಾತೃಭಾಷಿಕರು ಇದನ್ನು ಗಮನಿಸದೆಯೇ ಓದಿಕೊಂಡು ಹೋಗುತ್ತಾರೆ. ಆದರೆ ಪ್ರತಿ ಸಾಲಿನಲ್ಲೂ ನಿಘಂಟನ್ನು ಅವಲಂಬಿಸಿದ ಹೊಸ ಕಲಿಯುವವನಿಗೆ, ಪದ ತನಗೆ ಗೊತ್ತಿಲ್ಲದ್ದೋ ಅಥವಾ ಕಾಗುಣಿತವಷ್ಟೇ ಬೇರೆಯೋ ಎಂಬುದು ತಿಳಿಯುವುದೇ ಇಲ್ಲ. ನಿಘಂಟಿನಲ್ಲಿ ಪದ ಸಿಕ್ಕರೂ ಅರ್ಥವಿವರಣೆ ಹೆಚ್ಚಾಗಿ ರಷ್ಯನ್ನಿನಲ್ಲಿರುತ್ತದೆ. ಹೀಗಾಗಿ, ರಷ್ಯನ್ ಗೊತ್ತಿಲ್ಲದವರಿಗೆ ಈ ಭಾಷೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ.

ಅಭ್ಯಾಸಕ್ಕೆ ಜನ ಸಿಗುವುದೂ ಸುಲಭವಲ್ಲ. 1990ರ ಕಾನೂನು ಬೆಲರೂಸಿಯನ್ ಒಂದನ್ನೇ ರಾಜ್ಯಭಾಷೆಯಾಗಿಸಿತ್ತು. 1995ರ ಜನಮತಗಣನೆಯ ನಂತರ ರಷ್ಯನ್ನಿಗೂ ಸಮಾನ ಸ್ಥಾನ ದೊರೆಯಿತು. 2019ರ ಜನಗಣತಿಯಲ್ಲಿ ಶೇ 54ರಷ್ಟು ಜನ ಬೆಲರೂಸಿಯನ್ನನ್ನು ಮಾತೃಭಾಷೆ ಎಂದು ಬರೆಸಿದರೂ, ಮನೆಯಲ್ಲಿ ಅದನ್ನೇ ಆಡುತ್ತೇವೆ ಎಂದವರು ಶೇ 26ರಷ್ಟು ಮಾತ್ರ. ಮಿನ್ಸ್ಕ್‌ನ ಅಂಗಡಿಯಲ್ಲಿ ನಾನು ಬೆಲರೂಸಿಯನ್ನಿನಲ್ಲಿ ಕೇಳಿದರೆ ಉತ್ತರ ಸೌಜನ್ಯದಿಂದಲೇ, ಆದರೆ ಹೆಚ್ಚಾಗಿ ರಷ್ಯನ್ನಿನಲ್ಲೇ ಬರುತ್ತದೆ. ಆ ಸೌಜನ್ಯದಲ್ಲಿ ನನಗೆ ನೋವೂ ಕಾಣುತ್ತದೆ, ಏಕೆಂದರೆ ಪ್ರಾಗ್‌ನಲ್ಲಿ 1517ರಲ್ಲೇ ಫ್ರಾನ್ಸಿಸ್ಕ್ ಸ್ಕರೀನ ಎಂಬ ಮುದ್ರಕ ಮುದ್ರಿಸಿದ ಪುಸ್ತಕಗಳ ಪರಂಪರೆಯನ್ನು ತನ್ನದೆನ್ನುವ ನುಡಿಯೊಂದು ತನ್ನ ರಾಜಧಾನಿಯಲ್ಲೇ ಕೇಳುಗರನ್ನು ಹುಡುಕಬೇಕಾಗಿದೆ.

ರಷ್ಯನ್ನಿನ ಉಪಯುಕ್ತತೆಯನ್ನು ನಾನು ಕಡೆಗಣಿಸುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚಾಗಿ ತಮ್ಮ ನೋವನ್ನು ಹೇಳಿಕೊಳ್ಳುವುದು ಅದರಲ್ಲೇ. ಉಚಿತ ಪಾಠಗಳು, ಅಗ್ಗದ ಹಳೆಯ ಪುಸ್ತಕಗಳು ಬೇಕಾದಷ್ಟು ಸಿಗುತ್ತವೆ. 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬೆಲಾರೂಸ್‌ನ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಕೂಡ ರಷ್ಯನ್ನಿನಲ್ಲೇ ಬರೆಯುವವರು. ಓದು, ಉದ್ಯೋಗ, ಪ್ರಯಾಣ ಮುಖ್ಯವಾಗಿದ್ದು ಕೈಯಲ್ಲಿ ಹಣ ಕಡಿಮೆ ಇರುವವರು ರಷ್ಯನ್ನನ್ನೇ ಮೊದಲು ಕಲಿಯಬೇಕು.

ನನ್ನ ಸಂಜೆಗಳು ಮಾತಿಗಿಂತ ಓದಿನಲ್ಲೇ ಕಳೆಯುತ್ತವೆ, ಕವಿತೆಯನ್ನು ಗಟ್ಟಿಯಾಗಿ ಓದದಿದ್ದರೆ ನನಗೆ ತೃಪ್ತಿಯಿಲ್ಲ, ತಿಂಗಳ ಖರ್ಚಿನಲ್ಲಿ ಒಂದೆರಡು ಪುಸ್ತಕಗಳಿಗಷ್ಟೇ ಜಾಗವಿದೆ. ಇಂಥ ಅಭ್ಯಾಸದವರು ರಷ್ಯನ್ನಿನಲ್ಲಿ ದಿನನಿತ್ಯದ ವ್ಯವಹಾರ ನಡೆಸುವಷ್ಟು ಕಲಿತ ಕೂಡಲೇ ಬೆಲರೂಸಿಯನ್ನಿಗೆ ಬರಬೇಕೆಂದು ಮನಸಾರೆ ಹೇಳುತ್ತೇನೆ. ಪುಸ್ತಕ ಕೊಳ್ಳುವ ಮೊದಲು ಯಾವುದಾದರೂ ಪುಟ ತೆರೆದು ಎರಡು ವ್ಯಂಜನಗಳ ನಡುವೆ ಮೃದುಚಿಹ್ನೆಗಳು ಮತ್ತೆ ಮತ್ತೆ ಕಾಣುತ್ತವೆಯೇ ಎಂದು ನೋಡಿಕೊಳ್ಳಿ. ಕಂಡರೆ ಅದು ಬಹುಪಾಲು ತರಶ್ಕೇವಿತ್ಸ. ನಿಘಂಟಿನ ಆಸರೆ ಬೇಕಾಗಿರುವವರೆಗೆ ಅದನ್ನು ಬಿಟ್ಟು ಶಾಲಾ ಕಾಗುಣಿತದ ಪುಸ್ತಕವನ್ನೇ ಆರಿಸಿಕೊಳ್ಳಿ.