ಮೊಬೈಲ್ ಕೋರ್ಸಾ, ದುಡ್ಡು ಕಟ್ಟುವ ಕೋರ್ಸಾ, ಜಿಲ್ಲಾ ತರಬೇತಿಯಾ?

ಸರ್ಕಾರಿ ಕಚೇರಿಯ ಕಂಪ್ಯೂಟರ್ ಕೆಲಸ ಕಲಿಯೋಕೆ ಇವುಗಳಲ್ಲಿ ಯಾವುದು ವಾಸಿ? ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಸರ್ಕಾರಿ ನೌಕರರಿಗೆ ತರಬೇತಿ ಕೊಡುವ ಹಾಸನದ ಜಿಲ್ಲಾ ತರಬೇತಿ ಸಂಸ್ಥೆಗೆ. ಆದರೆ ಅಲ್ಲಿಗೆ ಹೋಗುವ ಮುಂಚೆ ಖಾಸಗಿ ಸೆಂಟರಿಗೆ ಕಟ್ಟಿ ಆರು ಸಾವಿರ ರೂಪಾಯಿ ಕಳೆದುಕೊಂಡಿದ್ದೆ.

ನಾನು ಸಕಲೇಶಪುರ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ. 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಿದ್ದೆ. ಪರೀಕ್ಷೆ ಬೇರೆ, ಕಡತಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ ಇ-ಆಫೀಸಿನಲ್ಲಿ ಕಡತ ಮಂಡಿಸುವುದು ಬೇರೆ ಅಂತ ಗೊತ್ತಾಗಿದ್ದು ಕುರ್ಚಿಯಲ್ಲಿ ಕೂತ ಮೇಲೆ. ಪಕ್ಕದ ಟೇಬಲ್ಲಿನವರು ಹೇಳಿದರು ಅಂತ ಹಾಸನದ ಒಂದು ಖಾಸಗಿ ಕಂಪ್ಯೂಟರ್ ಸೆಂಟರಿಗೆ ಸೇರಿದೆ. ಭಾನುವಾರ ಮತ್ತು ರಜೆಯ ಶನಿವಾರ ಕ್ಲಾಸು, ಮೂರು ತಿಂಗಳು. ಟೈಪಿಂಗ್ ಚೆನ್ನಾಗೇ ಕೂತಿತು. ಎಫ್ ಕೀ ಒತ್ತಿ ಒತ್ತಕ್ಷರ ಕೊಡುವುದು ಈಗ ಬೆರಳಿಗೇ ಗೊತ್ತು.

ಎಡವಟ್ಟಾಗಿದ್ದು ಆಮೇಲೆ. ಒಂದು ರಾತ್ರಿ ಮನೆಯಲ್ಲಿ ನಾಲ್ಕು ಪುಟದ ಟಿಪ್ಪಣಿ ಟೈಪ್ ಮಾಡಿ, ಬೆಳಿಗ್ಗೆ ಇ-ಆಫೀಸಿಗೆ ಪೇಸ್ಟ್ ಮಾಡಿದೆ. ಓದಿಯೂ ನೋಡದೆ ಕಳಿಸಿದೆ, ಅದು ನನ್ನ ತಪ್ಪು. ಹತ್ತು ನಿಮಿಷಕ್ಕೆ ಶಿರಸ್ತೇದಾರ್ ಸಾಹೇಬರು ಕರೆದರು. "ಏನ್ ಮೇಡಂ ಇದು, ಯಾವ ದೇಶದ ಭಾಷೆ?" ಪರದೆ ತುಂಬ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ, ಬಾಲ.

ಆಗಿದ್ದಿಷ್ಟೇ. ಸೆಂಟರಿನವರು ಕಲಿಸಿದ್ದು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೇ ರೂಪ. ಅದರಲ್ಲಿ ಕನ್ನಡ ಕಾಣಿಸೋದು ಫಾಂಟಿನ ಕೃಪೆಯಿಂದ. ಕಂಪ್ಯೂಟರಿನ ಲೆಕ್ಕದಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಕಳಚಿದರೆ ಬಣ್ಣ ಬಯಲು. ಯೂನಿಕೋಡ್ ಆದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುತ್ತದೆ, ಯಾವ ಕಂಪ್ಯೂಟರಿಗೆ ಹೋದರೂ ಕನ್ನಡವಾಗೇ ಉಳಿಯುತ್ತದೆ. ಮೂರು ತಿಂಗಳಲ್ಲಿ ಈ ಒಂದು ಮಾತು ಯಾರೂ ಹೇಳಲಿಲ್ಲ. ಹೋಗಿ ಕೇಳಿದರೆ, "ಫಾಂಟ್ ಹಾಕ್ಕೊಳ್ಳಿ ಮೇಡಂ, ಸರಿ ಹೋಗುತ್ತೆ" ಅಂದರು. ಕಡತ ಹೋಗುವ ಪ್ರತಿ ಟೇಬಲ್ಲಿಗೂ ನಾನು ಫಾಂಟ್ ಹೊತ್ತುಕೊಂಡು ಓಡಾಡಬೇಕಾ? ನಾಲ್ಕೂ ಪುಟ ಮತ್ತೆ ಕುಟ್ಟಿದೆ. ಊಟ ಮಾಡಿದಾಗ ಮೂರೂವರೆ.

ಜಿಲ್ಲಾ ತರಬೇತಿಯಲ್ಲಿ ಮೊದಲ ದಿನ ಬೆಳಿಗ್ಗೆಯೇ ಈ ವಿಷಯ ಬಂತು. ನಮ್ಮ ನಮ್ಮ ಹಳೇ ಟಿಪ್ಪಣಿಯನ್ನು ನೋಟ್‌ಪ್ಯಾಡಿಗೆ ಹಾಕಿಸಿದರು. ಇಡೀ ಕ್ಲಾಸು ನಕ್ಕಿತು, ಎಲ್ಲರದೂ ಅದೇ ಗತಿ! ಆಮೇಲೆ ಹಳೇ ನುಡಿಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ತೋರಿಸಿದರು. ಅರ್ಕಾವತ್ತು (ಅರ್ಧ ರ-ಕಾರದ ಗುರುತು) ಒಂದೊಂದು ಸಲ ಜಾಗ ತಪ್ಪುತ್ತೆ, 'ಸರ್ಕಾರ', 'ಕರ್ತವ್ಯ' ಇರುವ ಸಾಲು ಮರೆಯದೆ ಓದಿ ಅಂತಲೂ ಹೇಳಿದರು. ಪಾಠ ಮಾಡಿದವರು ಕಡತದ ಜೊತೆ ಗುದ್ದಾಡಿದವರು, ಅದಕ್ಕೇ ಇದೆಲ್ಲ ಗೊತ್ತು. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಇರುವ 30 ದಿನವನ್ನು ಎಲ್ಲಿಂದ ಎಣಿಸಬೇಕು ಅನ್ನೋದನ್ನೂ ನಿಜವಾದ ಅರ್ಜಿ ಇಟ್ಟುಕೊಂಡೇ ಹೇಳಿಕೊಟ್ಟರು. ಫೀಸಿಲ್ಲ. ಓಓಡಿ, ಅಂದರೆ ಕರ್ತವ್ಯದ ಮೇಲೇ ಇದ್ದ ಲೆಕ್ಕ, ಸಿಗುತ್ತದೆ, ರಜೆ ಖರ್ಚಾಗಲ್ಲ.

ತೊಂದರೆ ಒಂದೇ, ನಾವೇ ಹೋಗಿ ಸೇರಲಾಗದು. ಕಚೇರಿಯಿಂದ ನಿಯೋಜನೆ ಆಗಬೇಕು. ನಾನು ಮೂರು ಸಲ ಕೇಳಿದ ಮೇಲೆ ಕಳಿಸಿದರು. ಮಾರ್ಚಿನಲ್ಲಂತೂ ಕೇಳಲೇಬೇಡಿ.

ಐಗಾಟ್ ಕರ್ಮಯೋಗಿಯನ್ನೂ ಬಳಸಿದ್ದೇನೆ. ಸರ್ಕಾರಿ ನೌಕರರ ತರಬೇತಿಗೆ 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿಯ ಆನ್‌ಲೈನ್ ವೇದಿಕೆ ಅದು. ಪುಕ್ಕಟೆ, ಮೊಬೈಲಿನಲ್ಲೇ ನಡೆಯುತ್ತದೆ, ಕೋರ್ಸ್ ಮುಗಿಸಿದರೆ ಸರ್ಟಿಫಿಕೇಟು. ಕಚೇರಿ ನಿರ್ವಹಣೆಯ ಒಂದು ಕೋರ್ಸನ್ನು ಮುದ್ದೆ ತೊಳಸುತ್ತಾ ಮುಗಿಸಿದೆ. ಸರ್ಟಿಫಿಕೇಟ್ ಬಂತು, ತಲೆಗೆ ಮುದ್ದೆಯಷ್ಟೂ ಇಳಿಯಲಿಲ್ಲ. ಶಿಸ್ತಾಗಿ ಕೂತು ನೋಡುವವರಿಗೆ ಲಾಭವಿದೆ. ನನಗೆ ಎದುರಿಗೆ ಮೇಷ್ಟ್ರು ಬೇಕು, ಪಕ್ಕದಲ್ಲಿ ನನ್ನಷ್ಟೇ ತಪ್ಪು ಮಾಡುವವರೂ ಬೇಕು.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಗೆ ಹೋಗಿ ಬಂದ ಗೆಳತಿಯರು ಬಹಳ ಹೊಗಳುತ್ತಾರೆ. ಮಗು ಚಿಕ್ಕದು, ಹಾಸ್ಟೆಲಿನಲ್ಲಿ ಉಳಿಯೋದು ಸದ್ಯಕ್ಕೆ ನನ್ನಿಂದಾಗದು.

ನಿಯೋಜನೆ ಬರುವವರೆಗೆ ಕಾಯಲಾಗದೆ ದುಡ್ಡು ಕಟ್ಟಲೇಬೇಕು ಅಂದರೆ, ಸೇರುವ ದಿನವೇ ಅವರ ಕಂಪ್ಯೂಟರಿನಲ್ಲಿ 'ಸರ್ಕಾರ' ಅಂತ ಟೈಪ್ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಕನ್ನಡ ಕಂಡರೆ ಪರ್ಸ್ ತೆಗೆಯಿರಿ.